ಗಂಡು ಮೀನಿನ ಹೊಟ್ಟೆಯೊಳಗೆ ಮೊಟ್ಟೆ!

ಎಂಜಿನಿಯರಿಂಗ್ ಓದುವಾಗ ನಮಗೆ ಪರಿಸರ ಅಧ್ಯಯನ ಅಂತ ಒಂದು ಪೇಪರ್ ಇತ್ತು. ಬಿಓಡಿ, ಸಿಓಡಿ ಅಂತೆಲ್ಲ ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದು, ಬರೆದು, ಮರೆತ ವಿಷಯ. ಕೊಳಚೆ ನೀರನ್ನು ಸಂಸ್ಕರಿಸಿ ಈ ಅಂಕಿಗಳನ್ನು ಇಳಿಸಿದರೆ ಅದು ನದಿಗೆ ಬಿಡಲು ಯೋಗ್ಯ ಅನ್ನೋದು ಅದರ ಸಾರಾಂಶ. ಇತ್ತೀಚೆಗೆ ಇಂಗ್ಲೆಂಡಿನ ನದಿಗಳ ಚರಿತ್ರೆಯೊಂದನ್ನು ಓದುತ್ತಾ ಹೋದೆ. ಎಲ್ಲ ಟೆಸ್ಟುಗಳಲ್ಲೂ ಪಾಸಾದ ನೀರನ್ನು ಮೀನುಗಳು ಫೇಲ್ ಮಾಡಿದ ಕಥೆ ಅದು. ಪ್ರೋಗ್ರಾಮ್ ಬರೆದು ಹೊಟ್ಟೆ ಹೊರೆಯುವ ನನ್ನಂಥವರಿಗೆ ಇದರಲ್ಲಿ ಒಳ್ಳೆಯ ಪಾಠವಿದೆ ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಶುರುವಾಗೋದು 1970ರ ದಶಕದ ಕೊನೆಯಲ್ಲಿ, ಲಂಡನ್ನಿನ ಉತ್ತರದಿಂದ ಹರಿದು ಬಂದು ಥೇಮ್ಸ್ ಸೇರುವ ಲೀ ನದಿಯ ಬಯಲಿನಲ್ಲಿ. ಅಲ್ಲಿನ ಕೊಳಚೆ ಸಂಸ್ಕರಣಾ ಘಟಕಗಳ ಹೊಂಡಗಳಲ್ಲಿ ರೋಚ್ ಎಂಬ ಮೀನುಗಳಿದ್ದವು. (ಜಿರಲೆ ಅಲ್ಲ ಸ್ವಾಮಿ! ನಮ್ಮ ರೋಹು, ಕಾಟ್ಲಾಗಳ ದೂರದ ನೆಂಟ.) ಹೊಟ್ಟೆ ಸೀಳಿ ನೋಡಿದರೆ ಕೆಲವು ಮೀನುಗಳು ಅತ್ತ ಗಂಡೂ ಅಲ್ಲ, ಇತ್ತ ಹೆಣ್ಣೂ ಅಲ್ಲ. ಒಂದೇ ಮೀನಿನಲ್ಲಿ ಎರಡೂ ಲಿಂಗದ ಅಂಗಾಂಶಗಳು! ಕ್ಲೌನ್ ಮೀನಿನಂಥ ಕೆಲವು ಜಾತಿಗಳು ಸಹಜವಾಗಿಯೇ ಲಿಂಗ ಬದಲಿಸುತ್ತವೆ, ನಿಜ. ಆದರೆ ರೋಚ್ ಆ ಪೈಕಿ ಅಲ್ಲ.

ಮುಂದೆ ಹೋಗುವ ಮೊದಲು ಮೀನಿನ ಹಾರ್ಮೋನುಗಳ ಬಗ್ಗೆ ಎರಡು ಮಾತು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ಸಂದೇಶ ಕಳಿಸುತ್ತೆ. ಅಂಡಾಶಯ ಈಸ್ಟ್ರಡಯೋಲ್ ಎಂಬ ಈಸ್ಟ್ರೋಜನ್ ಹಾರ್ಮೋನನ್ನು ತಯಾರಿಸುತ್ತೆ. ಅದು ರಕ್ತದ ಮೂಲಕ ಯಕೃತ್ತನ್ನು ತಲುಪಿದಾಗ ಅಲ್ಲಿ ವಿಟೆಲ್ಲೊಜೆನಿನ್ ಎಂಬ ಪ್ರೋಟೀನ್ ತಯಾರಾಗುತ್ತೆ. ಮೊಟ್ಟೆಯೊಳಗೆ ಮರಿಗೆ ಬೇಕಾದ ಬುತ್ತಿ ಇದರಿಂದಲೇ ಆಗೋದು. ಈ ಸರಪಳಿ ಎಷ್ಟು ಬಿಗಿಯಾದದ್ದು ಅನ್ನೋದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ನದಿಯ ಮೀನುಗಳಾದ ರೋಹು, ಕಾಟ್ಲಾ ನಿಂತ ನೀರಿನ ಕೊಳದಲ್ಲಿ ತಾವಾಗಿಯೇ ಮೊಟ್ಟೆ ಇಡೋದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿಯ ಸಾರವನ್ನು ಚುಚ್ಚಿ, ಇಂಥ ಮೀನುಗಳಿಂದ ಕೊಳದಲ್ಲೇ ಮೊಟ್ಟೆ ಇಡಿಸಿದರು. ಆ ದಿನವೇ ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನ. ಅಳೆದು ಕೊಟ್ಟರೆ ವರವಾಗುವ ಈ ಹಾರ್ಮೋನುಗಳು ಹೇಳದೆ ಕೇಳದೆ ನೀರಿನ ಜೊತೆ ಬಂದರೆ?

ಗಂಡು ಮೀನಿನ ಯಕೃತ್ತಿನಲ್ಲೂ ವಿಟೆಲ್ಲೊಜೆನಿನ್ ತಯಾರಿಸುವ ಜೀನ್ ಇದೆ. ಆದರೆ ಸಾಕಷ್ಟು ಈಸ್ಟ್ರೋಜನ್ ಇಲ್ಲದ್ದರಿಂದ ಅದು ಸುಮ್ಮನೆ ಬಿದ್ದಿರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಫಂಕ್ಷನ್ ಬರೆದಿಟ್ಟಿದೆ, ಕಾಲ್ ಮಾಡೋರಿಲ್ಲ. ಹಾಗಾಗಿ ಗಂಡು ಮೀನಿನ ರಕ್ತದಲ್ಲಿ ವಿಟೆಲ್ಲೊಜೆನಿನ್ ಹೇರಳವಾಗಿ ಸಿಕ್ಕರೆ, ಹೊರಗಿನಿಂದ ಯಾರೋ ಕಾಲ್ ಮಾಡುತ್ತಿದ್ದಾರೆ ಅಂತಲೇ ಅರ್ಥ.

ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಜಾನ್ ಸಂಪ್ಟರ್ ಮತ್ತು ಸಂಗಡಿಗರು ಹಿಡಿದದ್ದು ಈ ಎಳೆಯನ್ನೇ. 1980ರ ದಶಕದ ದ್ವಿತೀಯಾರ್ಧದಲ್ಲಿ ಅವರು ಸರ್ಕಾರಿ ಮೀನು ವಿಜ್ಞಾನಿಗಳ ಜೊತೆ ಸೇರಿ ಟ್ರೌಟ್ ಮೀನುಗಳನ್ನು ಪಂಜರದಲ್ಲಿಟ್ಟು, ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಂಸ್ಕರಣಾ ಘಟಕಗಳಿಂದ ಹೊರಬರುವ ನೀರಿಗೆ ಇಳಿಬಿಟ್ಟರು. ಮೀನುಗಳ ರಕ್ತದಲ್ಲಿ ವಿಟೆಲ್ಲೊಜೆನಿನ್ ಜಾಗಕ್ಕೆ ತಕ್ಕಂತೆ 500 ಪಟ್ಟಿನಿಂದ 1,00,000 ಪಟ್ಟಿನವರೆಗೆ ಏರಿತ್ತು! ಈ ಫಲಿತಾಂಶ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿದ್ದು 1994ರಲ್ಲಿ. ಅಷ್ಟು ವರ್ಷ ನದಿ ಹರಿಯುತ್ತಲೇ ಇತ್ತು.

ಬಗ್ ಇದೆ ಅಂತ ಗೊತ್ತಾಯಿತು. ಎಲ್ಲಿದೆ ಅಂತ ಹುಡುಕೋದು ಇನ್ನೊಂದು ಕೆಲಸ. ಮೊದಲು ಸಿಕ್ಕಿದ್ದು ಬಾಸ್ಟನ್ನಿನಿಂದ ಬಂದ ಸುಳಿವು. ಅಲ್ಲಿನ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಆನಾ ಸೋಟೊ ಮತ್ತು ಕಾರ್ಲೋಸ್ ಸೊನೆನ್‌ಶೈನ್ ಸ್ತನ ಕ್ಯಾನ್ಸರಿನ ಕೋಶಗಳನ್ನು ಬೆಳೆಸುತ್ತಿದ್ದರು. ಈಸ್ಟ್ರೋಜನ್ ಇಲ್ಲದೆ ಬೆಳೆಯಬಾರದಿದ್ದ ಕೋಶಗಳು ತಾವಾಗಿಯೇ ಬೆಳೆಯತೊಡಗಿದವು. ಹುಡುಕಿದರೆ ಕಳ್ಳ ಪ್ಲಾಸ್ಟಿಕ್ ನಳಿಕೆಯಲ್ಲಿದ್ದ! ನಳಿಕೆಯಿಂದ ಸೋರುತ್ತಿದ್ದ ನೋನೈಲ್‌ಫೀನಾಲ್ ಎಂಬ ರಾಸಾಯನಿಕ ಈಸ್ಟ್ರೋಜನ್ನಿನ ವೇಷ ಹಾಕಿತ್ತು. 1991ರಲ್ಲಿ ಅವರು ಇದನ್ನು ಪ್ರಕಟಿಸಿದರು. ಯಾರ್ಕ್‌ಶೈರಿನ ಏರ್ ನದಿಗೆ ಇದೇ ರಾಸಾಯನಿಕ ಉಣ್ಣೆ ತೊಳೆಯುವ ಕಾರ್ಖಾನೆಗಳ ಡಿಟರ್ಜೆಂಟಿನಿಂದ ಬರುತ್ತಿತ್ತು. ಯುರೋಪಿಯನ್ ಒಕ್ಕೂಟ 2003ರಲ್ಲಿ ಇದಕ್ಕೆ ಕಡಿವಾಣ ಹಾಕುವ ಕಾನೂನು ತಂದಿತು.

ಆದರೆ ಕಾರ್ಖಾನೆಗಳೇ ಇಲ್ಲದ, ಬರೀ ಮನೆಗಳ ಕೊಳಚೆ ಬರುವ ಘಟಕಗಳ ಕೆಳಗೂ ಮೀನುಗಳ ಕಥೆ ಹಾಗೇ ಇತ್ತು. ಆ ನೀರನ್ನು ಭಾಗ ಭಾಗ ಮಾಡಿ, ಯಾವ ಭಾಗದಲ್ಲಿ ಈಸ್ಟ್ರೋಜನ್ ಗುಣವಿದೆ ಅಂತ ಸೋಸುತ್ತಾ ಹೋದರು. 1998ರಲ್ಲಿ ಬಂದ ಉತ್ತರ: ಮನುಷ್ಯರದೇ ದೇಹದ ಈಸ್ಟ್ರಡಯೋಲ್ ಮತ್ತು ಈಸ್ಟ್ರೋನ್, ಜೊತೆಗೆ ಗರ್ಭನಿರೋಧಕ ಮಾತ್ರೆಯ ಎಥಿನೈಲ್ ಈಸ್ಟ್ರಡಯೋಲ್. ಸ್ವಾರಸ್ಯ ಏನು ಗೊತ್ತಾ? ನಮ್ಮ ದೇಹ ಈ ಹಾರ್ಮೋನುಗಳಿಗೆ ಸಕ್ಕರೆಯಂಥ ಅಣುವಿನ ಬೀಗ ಹಾಕಿ, ನಿಷ್ಕ್ರಿಯ ಮಾಡಿಯೇ ಹೊರಗೆ ಕಳಿಸೋದು. ಕೊಳಚೆಯಲ್ಲಿರುವ ಬ್ಯಾಕ್ಟೀರಿಯಾಗಳು ಆ ಬೀಗ ಒಡೆದು ಹಾರ್ಮೋನಿಗೆ ಮತ್ತೆ ಜೀವ ಕೊಡುತ್ತವೆ!

ಎಥಿನೈಲ್ ಈಸ್ಟ್ರಡಯೋಲನ್ನು 1938ರಲ್ಲಿ ಬರ್ಲಿನ್ನಿನ ಶೇರಿಂಗ್ ಕಂಪನಿಯಲ್ಲಿ ಇನ್‌ಹೋಫೆನ್ ಮತ್ತು ಹೋಲ್‌ವೆಗ್ ತಯಾರಿಸಿದರು. ಸಹಜ ಈಸ್ಟ್ರಡಯೋಲನ್ನು ನುಂಗಿದರೆ ಯಕೃತ್ತು ಬೇಗ ಒಡೆದುಹಾಕುತ್ತೆ, ಇದು ಸುಲಭಕ್ಕೆ ಒಡೆಯೋದಿಲ್ಲ. ಮಾತ್ರೆ ಕೆಲಸ ಮಾಡೋದು ಅದಕ್ಕೇ. ಮೀನಿಗೆ ಕಂಟಕ ಆಗಿರೋದೂ ಅದಕ್ಕೇ. ಇಷ್ಟು ಕೇಳಿ ಮಾತ್ರೆ ನುಂಗುವ ಹೆಂಗಸರ ಮೇಲೆ ಬೆರಳು ತೋರಿಸಬೇಡಿ. ಮೊದಲೆರಡು ಹಾರ್ಮೋನುಗಳು ಮಾತ್ರೆಯೇ ಇಲ್ಲದಿದ್ದರೂ ನದಿಗೆ ಬರುತ್ತಿದ್ದವು.

ಅದೇ 1998ರಲ್ಲಿ ಸೂಸನ್ ಜಾಬ್ಲಿಂಗ್ ಮತ್ತು ಸಂಗಡಿಗರು ಬ್ರಿಟನ್ನಿನ ಎಂಟು ನದಿಗಳ ರೋಚ್ ಮೀನುಗಳನ್ನು ಪರೀಕ್ಷಿಸಿದ ವರದಿ ಹೊರಬಂತು. ಏರ್ ಮತ್ತು ನೆನ್ ನದಿಗಳಲ್ಲಿ, ಘಟಕಗಳ ಕೆಳಗಿನ ಜಾಗಗಳಲ್ಲಿ ಹಿಡಿದ ಗಂಡು ಮೀನುಗಳಲ್ಲಿ ನೂರಕ್ಕೆ ನೂರರಲ್ಲೂ ಹೆಣ್ಣಿನ ಲಕ್ಷಣ!

ಸರಿ, ಅದರಿಂದ ಮೀನಿನ ಸಂತತಿಗೆ ಏನಾಗುತ್ತೆ? ಇದನ್ನು ನೋಡಲು ಕೆನಡಾದ ಕ್ಯಾರನ್ ಕಿಡ್ ತಂಡ ಒಂಟಾರಿಯೋದ ಪ್ರಾಯೋಗಿಕ ಸರೋವರವೊಂದಕ್ಕೆ 2001ರಿಂದ 2003ರವರೆಗೆ ಎಥಿನೈಲ್ ಈಸ್ಟ್ರಡಯೋಲ್ ಬೆರೆಸಿತು. ಲೀಟರಿಗೆ ಬರೀ 5-6 ನ್ಯಾನೊಗ್ರಾಂ. ಲೆಕ್ಕ ಹಾಕಿ ನೋಡಿದೆ. 49 ಟಿಎಂಸಿ ನೀರು ತುಂಬಿದ ಕೆಆರ್‌ಎಸ್ ಅಣೆಕಟ್ಟೆಗೆ ಏಳು ಕಿಲೋ ಬೆರೆಸಿದರೆ ಈ ಮಟ್ಟ ಬರುತ್ತೆ! ಅಷ್ಟಕ್ಕೇ ಆ ಸರೋವರದ ಫ್ಯಾಟ್‌ಹೆಡ್ ಮಿನ್ನೋ ಎಂಬ ಪುಟ್ಟ ಮೀನಿನ ಸಂತತಿ ನಿರ್ನಾಮದ ಅಂಚಿಗೆ ಬಂತು. ಬೆರೆಸೋದು ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಚೇತರಿಸಿಕೊಂಡಿತು ಅನ್ನೋದು ಸಮಾಧಾನದ ಸಂಗತಿ.

ಇಂಗ್ಲೆಂಡಿನ ರೋಚ್ ಕಥೆ ಇಷ್ಟು ಸರಳ ಅಲ್ಲ. 2011ರ ಅಧ್ಯಯನದ ಪ್ರಕಾರ ತೀವ್ರವಾಗಿ ಹೆಣ್ಣಾದ ಗಂಡುಗಳ ಸಂತಾನಶಕ್ತಿ ಶೇಕಡಾ 76ರವರೆಗೆ ಇಳಿದಿತ್ತು. ಆದರೆ 2014ರ ಇನ್ನೊಂದು ಅಧ್ಯಯನ, ಇಂಥ ನದಿಗಳಲ್ಲೂ ರೋಚ್ ಸಂತತಿ ತಾನೇ ತಾನಾಗಿ ಮುಂದುವರಿಯುತ್ತಿದೆ ಅಂತ ತೋರಿಸಿತು. ಮೀನು ಅಳಿದಿಲ್ಲ, ಏಗುತ್ತಿದೆ.

ಪರಿಹಾರ ಇಲ್ಲ ಅಂತೇನಿಲ್ಲ. ಓಜೋನ್ ಹಾಯಿಸಿದರೆ ಅಥವಾ ಸಕ್ರಿಯ ಇದ್ದಿಲಿನಲ್ಲಿ ಸೋಸಿದರೆ ಈ ಹಾರ್ಮೋನುಗಳ ಬಹುಪಾಲು ಹೋಗುತ್ತೆ. ಖರ್ಚು ಮಾತ್ರ ಜಾಸ್ತಿ. ಸ್ವಿಟ್ಜರ್ಲೆಂಡ್ 2016ರಿಂದ ಆಯ್ದ ಘಟಕಗಳಿಗೆ ಇಂಥ ಹೆಚ್ಚುವರಿ ಹಂತ ಕಡ್ಡಾಯ ಮಾಡಿತು. 2024ರಲ್ಲಿ ಯುರೋಪಿಯನ್ ಒಕ್ಕೂಟ, ಔಷಧಿ ಮತ್ತು ಸೌಂದರ್ಯವರ್ಧಕ ಕಂಪನಿಗಳೇ ಈ ಖರ್ಚಿನ ಕನಿಷ್ಠ ಶೇಕಡಾ 80 ಭಾಗ ಭರಿಸಬೇಕು ಅನ್ನುವ ಕಾನೂನು ಮಾಡಿತು.

ನಮ್ಮಲ್ಲಿ? ಕೊಳಚೆ ಘಟಕಗಳಿಗೆ ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಮಾನದಂಡದಲ್ಲಿ ಪಿಎಚ್, ಬಿಓಡಿ, ತೇಲುವ ಕಣಗಳು, ಮಲದ ಬ್ಯಾಕ್ಟೀರಿಯಾ ಇವೆ. ಹಾರ್ಮೋನಿನ ಹೆಸರಿಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ ಕೆರೆಗಳು ತುಂಬಿದ್ದನ್ನು ಕಂಡ ರೈತರ ಖುಷಿಯನ್ನು ನಾನು ಹಗುರವಾಗಿ ಕಾಣೋನಲ್ಲ. ಆದರೆ ಆ ಕೆರೆಗಳ ಗಂಡು ಮೀನಿನ ಒಂದು ಹನಿ ರಕ್ತವನ್ನು ಆಗಾಗ ಪರೀಕ್ಷಿಸಲು ದೊಡ್ಡ ಖರ್ಚೇನೂ ಬೇಕಿಲ್ಲ.

ಟೆಸ್ಟ್ ಎಲ್ಲ ಪಾಸಾಯಿತು ಅಂದರೆ ಬಗ್ ಇಲ್ಲ ಅಂತಲ್ಲ, ನಾವು ಕೇಳಿದ ಪ್ರಶ್ನೆಗಳಿಗಷ್ಟೇ ಉತ್ತರ ಸಿಕ್ಕಿದೆ ಅಂತ. ಕೇಳದೇ ಬಿಟ್ಟ ಪ್ರಶ್ನೆಯನ್ನು ಇಂಗ್ಲೆಂಡಿನಲ್ಲಿ ಮೀನುಗಳೇ ಕೇಳಬೇಕಾಯಿತು. ನಮ್ಮ ಕೆರೆಗಳಲ್ಲಿ ನಾವೇ ಮೊದಲು ಕೇಳಿದರೆ ಒಳ್ಳೆಯದಲ್ವಾ? ನೀವೇನಂತೀರಿ?