ಆ್ಯಪ್‌ಗಳ ಕನ್ನಡ ಭಂಡಾರ: ಗುತ್ತಿಗೆ ಹೊಲದ ಕಥೆ

‘ಯಾವ ಆ್ಯಪ್‌ನಲ್ಲಿ ಕನ್ನಡ ಸಿನಿಮಾ ಜಾಸ್ತಿ ಇದೆ?’ ದುಡ್ಡು ಕಟ್ಟುವ ಮುಂಚೆ ನಾವೆಲ್ಲ ಕೇಳುವ ಪ್ರಶ್ನೆ ಇದು. ಇವತ್ತು ಕೊಟ್ಟ ಉತ್ತರ ಮುಂದಿನ ವರ್ಷಕ್ಕೆ ಸುಳ್ಳಾಗಬಹುದು. ಯಾಕೆ ಅಂತ ತಿಳಿಯಲು ಹತ್ತು ವರ್ಷ ಹಿಂದಕ್ಕೆ ಹೋಗೋಣ.

2015ರಲ್ಲಿ ಹಾಟ್‌ಸ್ಟಾರ್ ಶುರುವಾಯಿತು. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಡಿಸೆಂಬರ್‌ನಲ್ಲಿ ಅಮೆಜಾನ್ ಪ್ರೈಮ್ ವಿಡಿಯೊ ಭಾರತಕ್ಕೆ ಬಂದವು. ಅದೇ ವರ್ಷ ಜಿಯೊ ಬಂದು ಡೇಟಾ ಅಗ್ಗವಾಯಿತು. 2017ರಲ್ಲಿ ಸನ್ ನೆಕ್ಸ್ಟ್, 2018ರಲ್ಲಿ ಝೀ5 ಬಂದವು.

ಇವುಗಳಲ್ಲಿ ಕೆಲವಕ್ಕೆ ಕನ್ನಡ ಭಂಡಾರ ಸಿಕ್ಕಿದ್ದು ಟಿ.ವಿ. ಚಾನೆಲ್‌ಗಳಿಂದ. 1994ರಲ್ಲಿ ಶುರುವಾದ ಉದಯ ಟಿ.ವಿ. ಸನ್ ಬಳಗದ್ದು. ಹಾಗಾಗಿ ಉದಯದ ಧಾರಾವಾಹಿಗೆ ಸನ್ ನೆಕ್ಸ್ಟ್, ಝೀ ಕನ್ನಡದ ಧಾರಾವಾಹಿಗೆ ಝೀ5. ಕಲರ್ಸ್ ಕನ್ನಡದ ಕಾರ್ಯಕ್ರಮಗಳು ಮೊದಲು ವೂಟ್‌ನಲ್ಲಿದ್ದವು, ಆಮೇಲೆ ಜಿಯೊಸಿನಿಮಾಕ್ಕೆ ಹೋದವು, ಅಲ್ಲಿಂದ ಜಿಯೊಹಾಟ್‌ಸ್ಟಾರ್‌ಗೆ. ಚಾನೆಲ್ ಒಂದೇ, ಆ್ಯಪ್ ಮೂರು!

ಸಿನಿಮಾದ ದಾರಿ ಬೇರೆ. 2020ರಲ್ಲಿ ಕೊರೊನಾದಿಂದ ಚಿತ್ರಮಂದಿರಗಳು ಮುಚ್ಚಿದ್ದಾಗ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಜುಲೈನಲ್ಲಿ ನೇರವಾಗಿ ಪ್ರೈಮ್‌ನಲ್ಲೇ ಬಿಡುಗಡೆಯಾದವು. 2022ರ ‘ಕಾಂತಾರ’ ಕನ್ನಡದಲ್ಲಿ ಪ್ರೈಮ್‌ಗೆ ಬಂತು, ಹಿಂದಿಯಲ್ಲಿ ನೆಟ್‌ಫ್ಲಿಕ್ಸ್‌ಗೆ. ಅಂದರೆ ಹೆಸರು ನೋಡಿ ನೆಟ್‌ಫ್ಲಿಕ್ಸ್‌ಗೆ ದುಡ್ಡು ಕಟ್ಟಿದವರಿಗೆ ಆಗ ಸಿಕ್ಕಿದ್ದು ಹಿಂದಿ ಕಾಂತಾರ. ನಮ್ಮ ಕರಾವಳಿಯ ಕಥೆಗೇ ಈ ಗತಿ!

ಕ್ರಿಕೆಟ್‌ನದೂ ಇದೇ ಹಣೆಬರಹ. 2022ರವರೆಗೆ ಐಪಿಎಲ್ ಹಾಟ್‌ಸ್ಟಾರ್‌ನಲ್ಲಿತ್ತು. 2023ರಲ್ಲಿ ಜಿಯೊಸಿನಿಮಾ ಅದನ್ನು ಪುಕ್ಕಟೆಯಾಗಿ ತೋರಿಸಿತು. 2025ರ ಫೆಬ್ರವರಿ 14ರಂದು ಎರಡೂ ಸೇರಿ ಜಿಯೊಹಾಟ್‌ಸ್ಟಾರ್ ಆದವು.

ಇದೆಲ್ಲ ನಡೆಯುವುದು ಹಕ್ಕಿನ ಒಪ್ಪಂದದ ಮೇಲೆ. ಬೇರೆಯವರಿಂದ ಪಡೆದ ಸಿನಿಮಾ ಗುತ್ತಿಗೆ ಹೊಲವಿದ್ದಂತೆ. ಕರಾರು ಇರುವಷ್ಟು ದಿನ ಉಳುಮೆ. ಮುಗಿದ ಮೇಲೆ ಇನ್ನೊಬ್ಬರು ನೇಗಿಲು ಹೂಡುತ್ತಾರೆ. ನಾವು ಕಟ್ಟುವ ದುಡ್ಡು ಆ ಹೊಲದ ಬದುವಿನ ಮೇಲೆ ನಿಂತು ನೋಡುವುದಕ್ಕೆ ಮಾತ್ರ.

ಅದಕ್ಕೇ ಜಾಹೀರಾತಿನ ‘ಸಾವಿರಾರು ಸಿನಿಮಾ’ ಲೆಕ್ಕವನ್ನು ನಂಬಿ ಕೂರಬೇಡಿ. ಕನ್ನಡದ ಪಟ್ಟಿಯಲ್ಲಿ ಡಬ್ ಆದವೂ ಸೇರಿರುತ್ತವೆ. ಮನೆಯವರು ನಿಜಕ್ಕೂ ನೋಡುವ ನಾಲ್ಕು ಹೆಸರು ಬರೆದುಕೊಳ್ಳಿ. ಅವು ಯಾವ ಆ್ಯಪ್‌ನಲ್ಲಿವೆ, ಯಾವ ಭಾಷೆಯಲ್ಲಿವೆ ಎಂದು ಮೊದಲು ಹುಡುಕಿ. ಒಂದೇ ಸಿನಿಮಾಕ್ಕಾದರೆ ವರ್ಷದ ಪ್ಲ್ಯಾನ್ ಬೇಡ, ತಿಂಗಳಿನದು ಸಾಕು.