ನಾಂದಿ ಹಾಡುವವರು

ರಾತ್ರಿ ಹತ್ತೂವರೆ. ಚನ್ನಗಿರಿ ಕಡೆಯ ಯಾವುದಾದರೂ ಊರಿನ ಜಾತ್ರೆಯ ನಾಟಕ ಎಂದುಕೊಳ್ಳಿ. ಹ್ಯಾಂಡ್‌ಬಿಲ್ಲಿನಲ್ಲಿ ‘9 ಗಂಟೆಗೆ ಸರಿಯಾಗಿ’ ಎಂದಿದ್ದರೂ ಪರದೆಯ ಹಿಂದೆ ಅಡಿಕೆ ತೋಟದ ಯಜಮಾನ ಇನ್ನೂ ಅರ್ಧ ಮೀಸೆಯ ಖಳನಾಯಕ. ದಾವಣಗೆರೆಯಿಂದ ಬಂದ ನಾಯಕಿ ಸೆರಗಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದಾಳೆ. ಹಾರ್ಮೋನಿಯಂ ಮಾಸ್ತರು ಶ್ರುತಿ ಕೊಟ್ಟದ್ದೇ ತಡ, ಇದ್ದವರು ಇದ್ದಂತೆ ಸಾಲಾಗಿ ಕೈಮುಗಿದು ನಿಲ್ಲುತ್ತಾರೆ. ಕರ್ಪೂರ ಹತ್ತುತ್ತದೆ, ಕಾಯಿ ಒಡೆಯುತ್ತದೆ. ಮೂರನೇ ಅಂಕದಲ್ಲಿ ಕೊಲೆ ಮಾಡುವವನೂ ಕೊಲೆಯಾಗುವವನೂ ಒಂದೇ ದನಿಯಲ್ಲಿ ಗಣಪತಿಯನ್ನು ನೆನೆಯುತ್ತಾರೆ.

ಅದು ನಾಂದಿ.

ಸಂತೋಷಪಡು ಎಂಬರ್ಥದ ‘ನಂದ್’ ಧಾತುವಿನಿಂದ ಹುಟ್ಟಿದ ಮಾತು. ಭರತನ ನಾಟ್ಯಶಾಸ್ತ್ರ ಇದನ್ನು ಪೂರ್ವರಂಗದೊಳಗೆ ಸೇರಿಸಿ, 8 ಇಲ್ಲವೆ 12 ಪದಗಳಿರಲಿ ಎಂದು ಅಳತೆಯನ್ನೂ ಕೊಟ್ಟಿತು. ಶಾಕುಂತಲದ ನಾಂದಿಯಲ್ಲಿ ಕಾಳಿದಾಸ ಎಂಟು ರೂಪಗಳ ಶಿವನನ್ನು ಕರೆದ. ಭಾಸನದ್ದು ಎನ್ನುವ ನಾಟಕಗಳ ಕಥೆಯೇ ಬೇರೆ. ಟಿ. ಗಣಪತಿ ಶಾಸ್ತ್ರಿಗಳು 1912ರಿಂದ ತಿರುವನಂತಪುರದಲ್ಲಿ ಅಚ್ಚು ಹಾಕಿಸಿದ ಆ 13 ನಾಟಕಗಳು ಸಾಮಾನ್ಯವಾಗಿ ಶುರುವಾಗುವುದೇ ‘ನಾಂದಿ ಮುಗಿಯಿತು, ಸೂತ್ರಧಾರ ಬರುತ್ತಾನೆ’ ಎಂಬ ಸೂಚನೆಯಿಂದ. ನಾಂದಿಯ ಪಾಠ ಹಸ್ತಪ್ರತಿಯಲ್ಲಿಲ್ಲ. ಹಾಡುವವರಿಗೆ ಹೇಗೂ ಬಾಯಿಪಾಠ, ಬರೆದೇಕೆ ಓಲೆ ಸವೆಸಬೇಕು ಎಂದುಕೊಂಡರೋ ಏನೋ!

ರಂಗದಿಂದಾಚೆಗೂ ಪದಕ್ಕೊಂದು ಮನೆಯಿದೆ. ಮದುವೆ, ಮುಂಜಿಗೆ ಮುಂಚೆ ಪಿತೃಗಳನ್ನು ಕರೆದು ಹರಸಿರೆಂದು ಬೇಡುವ ಕರ್ಮಕ್ಕೆ ನಾಂದೀಶ್ರಾದ್ಧ ಎಂದು ಹೆಸರು. ಶ್ರಾದ್ಧವಾದರೂ ಇದರಲ್ಲಿ ಶೋಕವಿಲ್ಲ. ಪುರೋಹಿತರ ಬಾಯಲ್ಲಿ ಇದು ‘ನಾಂದಿ ಇಡುವುದು’. ಒಮ್ಮೆ ಇಟ್ಟಾಯಿತೆಂದರೆ ನಡುವೆ ಸೂತಕ ಬಂದರೂ ಕಾರ್ಯ ನಿಲ್ಲದು ಎನ್ನುತ್ತದೆ ಶಾಸ್ತ್ರ. ಹೆಣ್ಣಿನ ಕಡೆಯವರು ನೆಮ್ಮದಿಯಾಗಿ ಉಸಿರು ಬಿಡುವುದು ಆಮೇಲೆಯೇ.

ಜಗಳೂರು ಕಡೆಯ ಬಯಲಾಟಕ್ಕೆ ಹೋದರೆ ಕೆಲಸ ಇದೇ, ಹೆಸರು ಗಣಪತಿ ಸ್ತುತಿ. ಅದಾದ ಮೇಲೆ ಸಾರಥಿ ಬಂದು, ಕುಣಿಯುತ್ತ ಬಂದ ರಾಜನನ್ನು ‘ತಾವು ಯಾರು’ ಎಂದು ವಿಚಾರಿಸುತ್ತಾನೆ.

ಬೆಳಗಾಗಿ, ಹೊನ್ನಾಳಿಯ ಹೋಟೆಲಿನಲ್ಲಿ ಚಹಾದ ಜೊತೆ ಪೇಪರು ಬಿಡಿಸಿದರೆ ಅಲ್ಲಿಯೂ ನಾಂದಿ. ಹೊಸ ಯೋಜನೆಗೆ ನಾಂದಿ, ಭಿನ್ನಮತಕ್ಕೆ ನಾಂದಿ, ಗಲಾಟೆಗೆ ನಾಂದಿ. ಹೊನ್ನಾಳಿಯ ಮಗ್ಗುಲಿನಿಂದ ನ್ಯಾಮತಿ ಬೇರೆ ತಾಲ್ಲೂಕಾಗಿ ಎದ್ದಂಥ ಸಂಗತಿಗೆ ಈ ಪದ ಒಪ್ಪುತ್ತದೆ, ಅದರಲ್ಲಿ ಹಿಗ್ಗಿದೆ. ಚರಂಡಿ ಜಗಳಕ್ಕೆ? ‘ಶುರುವಾಯಿತು’ ಸಾಕಿತ್ತು. ತಮಾಷೆಯೆಂದರೆ, ಹಿಗ್ಗು ಕಳಚಿದರೂ ‘ಹಾಡು’ ಪದದ ಬೆನ್ನು ಬಿಟ್ಟಿಲ್ಲ. ಸಮಿತಿಗಳು ನಾಂದಿ ಹಾಡುತ್ತವೆ, ಜೆಸಿಬಿಯೂ ಹಾಡುತ್ತದೆ. ಜೋಡಿಪದ ‘ಮಂಗಳ’ದ ಪಾಡು ಇನ್ನೂ ಕಷ್ಟ. ಯಾವುದಕ್ಕಾದರೂ ಮಂಗಳ ಹಾಡಿದರು ಎಂದರೆ ಅದರ ಕಥೆ ಮುಗಿಯಿತೆಂದೇ ಅರ್ಥ.

ಪದವನ್ನು ಚೆನ್ನಾಗಿ ದುಡಿಸಿಕೊಂಡವರೂ ಇದ್ದಾರೆ. ಎನ್. ಲಕ್ಷ್ಮೀನಾರಾಯಣ್ 1964ರಲ್ಲಿ ತಮ್ಮ ಮೊದಲ ಚಿತ್ರಕ್ಕೆ ‘ನಾಂದಿ’ ಎಂದೇ ಹೆಸರಿಟ್ಟರು. ರಾಜ್‌ಕುಮಾರ್ ಅದರಲ್ಲಿ ಮೇಷ್ಟ್ರು, ಹರಿಣಿ ಕಿವಿ ಕೇಳದ, ಮಾತು ಬಾರದ ಹೆಂಡತಿ. ಹಾಡಬೇಕಾದ ಪದ, ಹಾಡಲಾಗದವರ ಕಥೆಯ ನೆತ್ತಿಯ ಮೇಲೆ ಕೂತಿತು.

ಇತ್ತ ಜಾತ್ರೆಯ ನಾಟಕ ಮುಗಿಯುವುದು ಬೆಳಗಿನ ಜಾವಕ್ಕೆ. ಮಂಗಳ ಹಾಡುವಾಗ ಮುಂದಿನ ಸಾಲಿನ ಮಕ್ಕಳು ಚಾಪೆಯ ಮೇಲೆ ನಿದ್ದೆ ಹೋಗಿರುತ್ತವೆ, ದೊಡ್ಡವರು ಚಪ್ಪಲಿ ಹುಡುಕುತ್ತಿರುತ್ತಾರೆ. ನಾಂದಿಯ ಹೊತ್ತಿಗಂತೂ ಅರ್ಧ ಜನ ಮಂಡಕ್ಕಿ ಮೆಣಸಿನಕಾಯಿ ಅಂಗಡಿಯ ಮುಂದಿದ್ದರು.