ಸರದಿ ಕಳೆದುಕೊಂಡ ಫಾಲ್‌ಔಟ್

2008ರ ಅಕ್ಟೋಬರ್ ಕೊನೆಯಲ್ಲಿ ‘ಫಾಲ್‌ಔಟ್ 3’ ಎಂಬ ವಿಡಿಯೊ ಗೇಮ್ ಮಾರುಕಟ್ಟೆಗೆ ಬಂದಾಗ ವಿಮರ್ಶಕರು ಬಾಯ್ತುಂಬ ಹೊಗಳಿದರು. ಮರುವರ್ಷ ಗೇಮ್ ಡೆವಲಪರ್ಸ್ ಚಾಯ್ಸ್ ಅವಾರ್ಡ್ಸ್‌ನಲ್ಲಿ ವರ್ಷದ ಆಟವೆಂಬ ಪ್ರಶಸ್ತಿಯೂ ಸಿಕ್ಕಿತು. ಆದರೆ ಮೂರನೆಯ ಭಾಗಕ್ಕಾಗಿ ಹತ್ತು ವರ್ಷ ಕಾದಿದ್ದ ಹಳಬರಲ್ಲಿ ಅನೇಕರಿಗೆ ಅದು ತಮ್ಮ ಮನೆಯ ಹೆಸರಿಟ್ಟುಕೊಂಡ ಪರರ ಕೂಸಾಗಿ ಕಂಡಿತು.

ಅವರು ಕಳೆದುಕೊಂಡದ್ದೇನು ಎಂದು ತಿಳಿಯಲು 1997ಕ್ಕೆ ಹೋಗಬೇಕು. ಆ ವರ್ಷ ಕ್ಯಾಲಿಫೋರ್ನಿಯದ ಇಂಟರ್‌ಪ್ಲೇ ಕಂಪನಿ ಮೊದಲ ‘ಫಾಲ್‌ಔಟ್’ ಹೊರತಂದಿತು. ಗೆಳೆಯರು ಮೇಜಿನ ಸುತ್ತ ಕೂತು, ದಾಳ ಉರುಳಿಸಿ ಆಡುವ ಪಾತ್ರಧಾರಣೆಯ ಆಟವನ್ನು ಕಂಪ್ಯೂಟರ್‌ಗೆ ತರುವುದು ಟಿಮ್ ಕೇನ್ ಮತ್ತು ಅವರ ತಂಡದ ಆಸೆ. ಮೊದಲಿಗೆ ‘ಗರ್ಪ್ಸ್’ ಎಂಬ ನಿಯಮಾವಳಿಯನ್ನೇ ಬಳಸಲು ಹೊರಟಿದ್ದರು. ಆ ಒಪ್ಪಂದ ಮುರಿದುಬಿದ್ದಾಗ ‘ಸ್ಪೆಷಲ್’ ಎಂಬ ಸ್ವಂತ ಪದ್ಧತಿ ಕಟ್ಟಿದರು. ಬಲ, ಗ್ರಹಿಕೆ, ತಾಳಿಕೆ, ವರ್ಚಸ್ಸು, ಬುದ್ಧಿ, ಚುರುಕು, ಅದೃಷ್ಟ ಎಂಬ ಏಳು ಗುಣಗಳ ಮೇಲೆ ಇಡೀ ಆಟ ನಿಂತಿತ್ತು.

ಅಣುಯುದ್ಧದಲ್ಲಿ ಸುಟ್ಟುಹೋದ ಕ್ಯಾಲಿಫೋರ್ನಿಯವನ್ನು ಆಟಗಾರ ಮೇಲಿನಿಂದ ಓರೆಯಾಗಿ ನೋಡುತ್ತಿದ್ದ. ಕಾದಾಟ ಶುರುವಾದರೆ ಚೌಕಾಬಾರದ ಹಾಗೆ ಒಬ್ಬರಾದ ಮೇಲೆ ಒಬ್ಬರ ಸರದಿ. ನಡೆಯಲು, ಗುಂಡು ಹಾರಿಸಲು, ಮದ್ದು ತೆಗೆದುಕೊಳ್ಳಲು ಇಂತಿಷ್ಟು ಅಂಕ ಖರ್ಚು. ಎದುರಾಳಿಯ ಕಣ್ಣಿಗೆ ಗುರಿಯಿಟ್ಟರೆ ತಗಲುವ ಸಾಧ್ಯತೆ ಶೇಕಡಾ ಎಷ್ಟು, ಕಾಲಿಗಾದರೆ ಎಷ್ಟು ಎಂದು ತೆರೆಯೇ ಹೇಳುತ್ತಿತ್ತು. ಯೋಚಿಸಲು ಬೇಕಾದಷ್ಟು ಹೊತ್ತಿತ್ತು.

ಗೆಲ್ಲುತ್ತಿದ್ದುದು ಬೆರಳಿನ ವೇಗವಲ್ಲ, ಪಾತ್ರದ ಗುಣ. ಬುದ್ಧಿಯ ಅಂಕ ತೀರ ಕಡಿಮೆಯಿಟ್ಟರೆ ನಾಯಕನ ಬಾಯಿಂದ ನೆಟ್ಟಗೆ ಒಂದು ವಾಕ್ಯ ಹೊರಡುತ್ತಿರಲಿಲ್ಲ. ಮಾತಿನ ಕೌಶಲ ಬೆಳೆಸಿಕೊಂಡವನು, ಕೈಯಲ್ಲಿ ಪುರಾವೆಯಿದ್ದರೆ, ಕೊನೆಯ ವೈರಿ ‘ಮಾಸ್ಟರ್’ನನ್ನು ಒಂದು ಗುಂಡೂ ಹಾರಿಸದೆ ಸೋಲಿಸಬಹುದಿತ್ತು. ಅವನು ಸೃಷ್ಟಿಸಿದ ಹೊಸ ಜನಾಂಗಕ್ಕೆ ಮಕ್ಕಳಾಗುವುದಿಲ್ಲ ಎಂದು ಮನಗಾಣಿಸಿದರೆ ಸಾಕು, ತನ್ನ ಕೋಟೆಯನ್ನು ಅವನೇ ಸ್ಫೋಟಿಸಿಕೊಳ್ಳುತ್ತಿದ್ದ.

ಎರಡನೆಯ ಭಾಗ 1998ರಲ್ಲಿ ಬಂತು. ಆಮೇಲೆ ಇಂಟರ್‌ಪ್ಲೇ ಸಾಲದಲ್ಲಿ ಮುಳುಗಿತು. ‘ವ್ಯಾನ್ ಬ್ಯುರೆನ್’ ಎಂಬ ಗುಪ್ತನಾಮದಲ್ಲಿ ತಯಾರಾಗುತ್ತಿದ್ದ ಮೂರನೆಯ ಭಾಗ 2003ರ ಡಿಸೆಂಬರ್‌ನಲ್ಲಿ ರದ್ದಾಯಿತು. ಅದನ್ನು ರೂಪಿಸುತ್ತಿದ್ದ ಬ್ಲ್ಯಾಕ್ ಐಲ್ ಸ್ಟುಡಿಯೋ ಮುಚ್ಚಿತು. ಮೂರನೆಯ ಭಾಗ ಮಾಡಲು 2004ರಲ್ಲಿ ಪರವಾನಗಿ ಪಡೆದಿದ್ದ ಬೆಥೆಸ್ಡಾ ಕಂಪನಿ, 2007ರಲ್ಲಿ 57.5 ಲಕ್ಷ ಡಾಲರ್ ಕೊಟ್ಟು ಫಾಲ್‌ಔಟ್ ಅನ್ನೇ ಕೊಂಡುಕೊಂಡಿತು.

ಪಾತ್ರದ ಕಣ್ಣಿನಿಂದಲೇ ವಿಶಾಲ ಲೋಕವನ್ನು ತೋರಿಸುವುದು ಬೆಥೆಸ್ಡಾಗೆ ಸಿದ್ಧಿಸಿದ್ದ ವಿದ್ಯೆ. 2006ರ ‘ಒಬ್ಲಿವಿಯನ್’ ಹಾಗೆ ಗೆದ್ದಿತ್ತು. ‘ಫಾಲ್‌ಔಟ್ 3’ ಅದೇ ಅಚ್ಚಿನಲ್ಲಿ ಎರಕಗೊಂಡಿತು. ಸರದಿ ಹೋಯಿತು, ಮೇಲಿನ ನೋಟ ಹೋಯಿತು. ‘ವ್ಯಾಟ್ಸ್’ ಎಂಬ ಏರ್ಪಾಡು ಕಾದಾಟವನ್ನು ಕ್ಷಣಕಾಲ ತಡೆದು ಶೇಕಡಾ ಲೆಕ್ಕ ತೋರಿಸುತ್ತಿತ್ತು. ಸರದಿಯ ಕಾದಾಟದ ನೆನಪಿಗೆ ಉಳಿದದ್ದು ಅಷ್ಟೇ. ಹಳಬರು ಇದನ್ನು ‘ಬಂದೂಕು ಹಿಡಿದ ಒಬ್ಲಿವಿಯನ್’ ಎಂದು ಕರೆದರು.

ಅವರನ್ನು ಬರೀ ಹಟಮಾರಿಗಳೆಂದು ತಳ್ಳಿಹಾಕುವುದು ಅನ್ಯಾಯ. 2010ರಲ್ಲಿ ‘ಫಾಲ್‌ಔಟ್: ನ್ಯೂ ವೇಗಸ್’ ಬಂದಾಗ ಅದು ಸಾಬೀತಾಯಿತು. ಬ್ಲ್ಯಾಕ್ ಐಲ್ ಬಿಟ್ಟವರು ಕಟ್ಟಿದ ಅಬ್ಸಿಡಿಯನ್ ಇದನ್ನು ರೂಪಿಸಿತ್ತು. ನೋಟ, ಕಾದಾಟ ಎರಡೂ ‘ಫಾಲ್‌ಔಟ್ 3’ರದೇ. ಆದರೂ ಹಳಬರಲ್ಲಿ ಬಹಳ ಮಂದಿ ಅದನ್ನು ತಮ್ಮದೆಂದು ಒಪ್ಪಿಕೊಂಡರು. ಪಾತ್ರದ ಗುಣಕ್ಕೆ ಮತ್ತೆ ಬೆಲೆ ಬಂದಿತ್ತು. ಕೊನೆಯ ಎದುರಾಳಿ ಲೇನಿಯಸ್‌ನನ್ನು ಮಾತಿನಿಂದಲೇ ಹಿಮ್ಮೆಟ್ಟಿಸಬಹುದಿತ್ತು.

ಸರದಿಯ ಆಟವೇ ಬೇಕೆಂದವರು 2012ರಲ್ಲಿ ಜೇಬಿಗೆ ಕೈಹಾಕಿದರು. ಫಾಲ್‌ಔಟ್‌ಗೆ ಸ್ಫೂರ್ತಿಯಾಗಿದ್ದ 1988ರ ‘ವೇಸ್ಟ್‌ಲ್ಯಾಂಡ್’ಗೆ ಎರಡನೆಯ ಭಾಗ ಮಾಡುತ್ತೇನೆಂದು ಇಂಟರ್‌ಪ್ಲೇ ಸ್ಥಾಪಕ ಬ್ರಯನ್ ಫಾರ್ಗೊ ಕಿಕ್‌ಸ್ಟಾರ್ಟರ್‌ನಲ್ಲಿ ಕೇಳಿದ್ದು 9 ಲಕ್ಷ ಡಾಲರ್. 61 ಸಾವಿರಕ್ಕೂ ಹೆಚ್ಚು ಜನ ಸೇರಿ ಕೊಟ್ಟದ್ದು 29 ಲಕ್ಷಕ್ಕೂ ಹೆಚ್ಚು.

2023ರಲ್ಲಿ ಗಾಳಿ ತಿರುಗಿ ಬೀಸಿತು. ಲೇರಿಯನ್ ಸ್ಟುಡಿಯೋಸ್ ‘ಬಾಲ್ಡರ್ಸ್ ಗೇಟ್ 3’ ಅನ್ನು ಪೂರ್ತಿ ಸರದಿಯ ಆಟವಾಗಿಸಿ ಗೆದ್ದಿತು. ಆಗ ನೊಂದವರು ಇನ್ನೊಂದು ಬಗೆಯ ಹಳಬರು. 1998ರ ಮೊದಲ ಭಾಗದಲ್ಲಿ ಅವರಿಗೆ ರೂಢಿಯಾಗಿದ್ದುದು ನಿಲ್ಲದೆ ಹರಿಯುವ ಕದನ: ಸ್ಪೇಸ್‌ಬಾರ್ ಒತ್ತಿ ತಡೆಯುವುದು, ಆರು ಮಂದಿಗೂ ಅಪ್ಪಣೆ ಕೊಡುವುದು, ಮತ್ತೆ ಹರಿಯಬಿಡುವುದು.